ಮೂರು ತಿಂಗಳ ನಾದಶಾಂತಿ

ಶನಿವಾರದ ಬೆಳಗಿನ ಶಾಲೆ ಮುಗಿಸಿಕೊಂಡು ಸಿಂದಗಿಯ ಬಸ್ ನಿಲ್ದಾಣಕ್ಕೆ ಬಂದ ಅಮೋಘಸಿದ್ಧನಿಗೆ, ಬಸವನ ಬಾಗೇವಾಡಿಗೆ ಹೋಗುವ ಬಸ್ಸು ಕಣ್ಣೆದುರೇ ನಿಂತದ್ದು ಕಂಡು ನಿರಾಸೆಯಾಯಿತು. ಬಸ್ಸು ಈಗಷ್ಟೇ ಹೋಯಿತು ಎಂದು ಯಾರಾದರೂ ಹೇಳಿದ್ದರೆ ಒಂದು ಚಹಾ ಕುಡಿಯಬಹುದಿತ್ತು, ಇನ್ನೊಂದು ತಾಸು ಯೋಚಿಸಬಹುದಿತ್ತು, ಯೋಚಿಸುತ್ತ ಯೋಚಿಸುತ್ತ ಮನೆಗೇ ಮರಳಿದ್ದರೂ ಕೇಳುವವರು ಯಾರೂ ಇರಲಿಲ್ಲ. ಹತ್ತಿ, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತ. ಕಾಲು ಚಾಚಲು ಅಲ್ಲಿ ಜಾಗ ಹೆಚ್ಚು ಎಂದು ಅವನು ಜನರಿಗೆ ಹೇಳುವುದಿತ್ತು. ನಿಜವೆಂದರೆ ಅಲ್ಲಿ ಇಂಜಿನ್ನಿನ ಗದ್ದಲ ಹೆಚ್ಚು, ಆ ಗದ್ದಲದಲ್ಲಿ ಕಿವಿಯೊಳಗಿನ ಸದ್ದು ಸ್ವಲ್ಪ ಹಿಂದೆ ಸರಿಯುತ್ತಿತ್ತು. ಎಂಟು ತಿಂಗಳಿಂದ ಇರುವ ಸದ್ದು. ಕುಕ್ಕರು ಸೀಟಿ ಹೊಡೆಯುವ ಮುನ್ನ ಎಳೆಯುತ್ತದಲ್ಲ, ಆ ಸಣ್ಣ ಎಳೆತ. ಆದರೆ ಸೀಟಿ ಹೊಡೆಯುವುದೂ ಇಲ್ಲ, ಇಳಿಯುವುದೂ ಇಲ್ಲ. ಬಸ್ಸು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಅದು ಈಗ ಪೂರ್ತಿ ದನಿಯಲ್ಲಿತ್ತು. ತಮಾಷೆಯ ಸಂಗತಿಯೆಂದರೆ, ನಲವತ್ತು ದಿನದಿಂದ ಆ ಸದ್ದು ಲೆಕ್ಕಕ್ಕೆ ಇರಲೇ ಇಲ್ಲ. ಇಂಡಿ ಊರಿನ ಒಂದು ಕಲ್ಯಾಣ ಮಂಟಪದಲ್ಲಿ, ಮುನ್ನೂರು ಜನರ ಎದುರು, ಮೈಕು ಹಿಡಿದು, ಅದು ಪೂರ್ತಿ ನಿಂತುಹೋಗಿದೆ ಎಂದು ಅವನೇ ಹೇಳಿಬಂದಿದ್ದ.

ಮೊದಲು ಅವನು ಹೋದದ್ದು ವಿಜಯಪುರದ ಕಿವಿ ಡಾಕ್ಟರರ ಹತ್ತಿರವೇ. ಅವರು ಅವನನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಯಂತ್ರ ಹಾಕಿಸಿ, ಸದ್ದು ಕೇಳಿದಾಗೆಲ್ಲ ಬೆರಳು ಎತ್ತಿ ಎಂದಿದ್ದರು. ಹತ್ತನೇ ಇಯತ್ತೆಗೆ ವಿಜ್ಞಾನ ಕಲಿಸುವ ಮಾಸ್ತರನು ಬೆರಳು ಎತ್ತಿಕೊಂಡು ಕೂತಿದ್ದು ಹೊರಗಿನ ಬೆಂಚಿನವರಿಗೆ ಗಾಜಿನಲ್ಲಿ ಕಾಣುತ್ತಿತ್ತು. ಸದ್ದು ಯಂತ್ರದ್ದೋ ತನ್ನದೋ ತಿಳಿಯದೆ ಅವನು ಕೆಲವು ಸಲ ಸುಮ್ಮನೆ ಎತ್ತಿದ. ದಡ್ಡ ಹುಡುಗರು ಕ್ಲಾಸಿನಲ್ಲಿ ಎತ್ತುವ ಹಾಗೆ. ಡಾಕ್ಟರರು ಕಾಗದದ ಮೇಲಿನ ಗೆರೆ ತೋರಿಸಿ, ಸಣ್ಣ ದನಿ ಹಿಡಿಯುವ ಶಕ್ತಿ ಸ್ವಲ್ಪ ಕುಗ್ಗಿದೆ, ಈ ಸದ್ದಿಗೆ ಗುಳಿಗೆ ಇಲ್ಲ, ರೂಢಿ ಮಾಡಿಕೊಳ್ಳಿ, ಒಂದು ದಿನ ಅದು ನಿಮ್ಮನ್ನು ಕಾಡುವುದು ಬಿಡುತ್ತದೆ ಎಂದರು. ಅವನಿಗೆ ಅವಮಾನವಾದಂತಾಯಿತು. ಬಸ್ಸಿನ ಖರ್ಚು ಹಾಕಿಕೊಂಡು ಬಂದವನಿಗೆ ಒಂದು ಚೀಟಿ ಕೂಡ ಬರೆದುಕೊಡದೆ ಕಳಿಸುವುದೆಂದರೇನು? ಬಾಗಿಲಲ್ಲಿ ನಿಂತು, ಮುಂದೆ ಕಿವಿಗೆ ಏನೂ ಅಪಾಯವಿಲ್ಲವಷ್ಟೇ ಎಂದು ಸುಮ್ಮನೆ ಕೇಳಿದ. ಅವರು ಮುಂದಿನವರ ಕಿವಿಯಲ್ಲಿ ಬೆಳಕು ಬಿಡುತ್ತಲೇ ಹೇಳಿದರು: "ಇದಕ್ಕ ಏನೂ ಅವಸರ ಇಲ್ಲ. ಆದ್ರ ಯಾರಿಗರೆ ಒಮ್ಮಿಂದೊಮ್ಮೆಗೆ ಕಿವಿ ಮುಚ್ಚಿಹೋದ್ರ ಅವತ್ತ ಬರಬೇಕ್ರಿ. ಎರಡ ದಿನ, ಮೂರ ದಿನ. ತಡಾ ಮಾಡಿದಷ್ಟು ಕೈ ಬಿಟ್ಟು ಹೋಗ್ತೈತಿ." ಆಗ ಅದು ಅವನ ಮಟ್ಟಿಗೆ ಕೆಲಸಕ್ಕೆ ಬಾರದ ಮಾತಾಗಿತ್ತು. ಈಗ ಬಸ್ಸಿನಲ್ಲಿ ಅದನ್ನು ಅಕ್ಷರಕ್ಕೆ ಅಕ್ಷರ ನೆನೆದು ಬೆರಳು ಮಡಚಿದ. ಹೂವಿನ ಹಿಪ್ಪರಗಿಯಲ್ಲಿರುವ ಅಕ್ಕ ಸಾತವ್ವನ ಕಿವಿ ಮುಚ್ಚಿದ್ದು ರವಿವಾರ. ಇವತ್ತಿಗೆ ಆರು ಬೆರಳು.

ಕಂಡಕ್ಟರನಿಗೆ ಹೂವಿನ ಹಿಪ್ಪರಗಿ ಎಂದ. ಬಸ್ಸು ಊರು ದಾಟಿತು. ಎರಡೂ ಕಡೆ ತೊಗರಿ ಹೂವಾಡುತ್ತಿತ್ತು. ಡಾಕ್ಟರರು ಕೊಡದ ಗುಳಿಗೆಯನ್ನು ಡ್ರಿಲ್ ಮಾಸ್ತರ ಅರುಣಕುಮಾರ ಕೊಟ್ಟಿದ್ದ. ಕೊರಳಲ್ಲಿ ಸದಾ ಸೀಟಿ ಹಾಕಿಕೊಂಡು ಓಡಾಡುವ, ಅದನ್ನು ಸ್ಟಾಫ್ ರೂಮಿನಲ್ಲೂ ಊದುವ ಮನುಷ್ಯ ಕಿವಿಯ ಗುಳಿಗೆ ಮಾರುತ್ತಾನೆಂಬುದು ಅಮೋಘಸಿದ್ಧನಿಗೆ ಆಗ ವಿಚಿತ್ರವಾಗಿ ಕಾಣಲಿಲ್ಲ. ಡಬ್ಬಿಯ ಮೇಲೆ ಕಣ್ಣು ಮುಚ್ಚಿ ನಗುವ ಒಬ್ಬ ಹೆಂಗಸಿನ ಚಿತ್ರ, ಕೆಳಗೆ 'ನಾದಶಾಂತಿ' ಎಂದು ಹೊನ್ನಿನ ಅಕ್ಷರ. ಹಿಂಬದಿಯಲ್ಲಿ ಅದರೊಳಗಿನ ಸಾಮಾನು: ಸತು, ಮೆಗ್ನೀಸಿಯಂ, ಬಿ-ಹನ್ನೆರಡು, ಯಾವುದೋ ಪರದೇಶದ ಮರದ ಎಲೆ. ಓದುವಾಗ ಅವನೊಳಗಿನ ವಿಜ್ಞಾನದ ಮಾಸ್ತರ ಎದ್ದು ನಿಲ್ಲಬೇಕಾಗಿತ್ತು. ಸತುವಿನ ಚೂರಿಗೆ ಆಮ್ಲ ಹಾಕಿ ಜಲಜನಕ ಬರುವುದನ್ನು ಹದಿನೇಳು ವರ್ಷ ತೋರಿಸಿದವನು, ಮೈಯಲ್ಲಿ ಕೊರತೆ ಇದ್ದರೆ ಕೊಟ್ಟದ್ದು ಫಲಿಸೀತು, ಇಲ್ಲದಿದ್ದರೆ ಕೊಟ್ಟದ್ದು ಕೊಟ್ಟ ಹಾಗೆ ಹೊರಗೆ ಹೋಗುತ್ತದೆ ಎಂದು ಗೊತ್ತಿದ್ದವನು, ಸುಮ್ಮನಿದ್ದ. ಗೊತ್ತಿರುವುದು ಒಂದು ಕಡೆ, ಕಿವಿ ಇನ್ನೊಂದು ಕಡೆ. "ಸರ, ಇದು ಔಷಧ ಅಲ್ರಿ, ಆಹಾರ," ಎಂದಿದ್ದ ಅರುಣಕುಮಾರ. "ಔಷಧಕ್ಕ ಸೈಡ್ ಎಫೆಕ್ಟ್ ಇರ್ತಾವು. ಆಹಾರಕ್ಕ ಎಲ್ಲಿಂದ ಬರ್ತಾವು? ಮೂರ ತಿಂಗಳ ಕೋರ್ಸು. ಮೊದಲನೇ ತಿಂಗಳ ಸದ್ದು ಹೆಚ್ಚಾದ್ರ ಹೆದರಬ್ಯಾಡ್ರಿ, ಅದು ಹೊರಗ ಬರಾಕತ್ತೈತಿ ಅಂತ ತಿಳೀರಿ." ಸದ್ದು ಎಲ್ಲಿಂದ ಹೊರಗೆ ಬರಬೇಕು, ಬಂದು ಎಲ್ಲಿಗೆ ಹೋಗಬೇಕು ಎಂದು ಅವನು ಕೇಳಲಿಲ್ಲ. ಮೊದಲನೇ ತಿಂಗಳು ಹಾಗೇ ಇತ್ತು. ಎರಡನೆಯದರಲ್ಲಿ ಒಂದು ಗುರುವಾರ ಕಡಿಮೆಯಾದಂತೆ ಅನಿಸಿತು. ಆ ಗುರುವಾರದ ಸುದ್ದಿಯನ್ನು ಅರುಣಕುಮಾರನಿಗೆ ಹೇಳಿದ್ದೇ ಅವನ ತಪ್ಪು.

ಏಕೆಂದರೆ ಮುಂದಿನ ರವಿವಾರವೇ ಅವನನ್ನು ಗುಳಿಗೆ ಕಂಪನಿಯ ಸಭೆಗೆಂದು ಇಂಡಿಗೆ ಕರೆದುಕೊಂಡು ಹೋಗಲಾಯಿತು. ಊಟ ಐತ್ರಿ ಸರ, ಬರೇ ಕೂತು ಕೇಳಿ ಬರೂದು ಎಂದಿದ್ದ ಅರುಣಕುಮಾರ. ಮಂಟಪದ ಹೊರಗೆ ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ಬಿಚ್ಚಿರಲಿಲ್ಲ. ವೇದಿಕೆಯ ಮೇಲೆ ಚಡಚಣದ ರಾವಸಾಬ. ಮೊದಲು ದ್ರಾಕ್ಷಿ ಬೆಳೆಯುತ್ತಿದ್ದವನು ಈಗ ಕಂಪನಿಯ ಬೆಳ್ಳಿ ದರ್ಜೆಯ ನಾಯಕ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವನು ಮಾತಾಡುವಾಗ ಜನ ಪೂರ್ತಿ ತಿಳಿದವರಂತೆ ತಲೆಯಾಡಿಸುತ್ತಿದ್ದರು. ಮುದ್ದೇಬಿಹಾಳದ ಒಬ್ಬ ಹೆಂಗಸು ಎದ್ದುಬಂದು, ಮೆಟ್ಟಿಲು ಹತ್ತಲಾರದ ತಾನು ಈಗ ಹತ್ತುತ್ತೇನೆಂದು ಹೇಳಿ, ವೇದಿಕೆಯ ಮೂರು ಮೆಟ್ಟಿಲನ್ನು ಹತ್ತಿಳಿದು ತೋರಿಸಿದಳು. ಆಮೇಲೆ ರಾವಸಾಬ, "ಬಘಾ, ನೋಡ್ರಿ, ನಮ್ಮ ನಡುವ ಸ್ವತಃ ಸೈನ್ಸ್ ಮಾಸ್ತರು ಅದಾರ. ಇವರು ಸುಳ್ಳ ಹೇಳಂಗಿಲ್ಲ, ಇವರಿಗೆ ಯಾರೂ ಸುಳ್ಳ ಹೇಳಾಕ ಆಗಂಗಿಲ್ಲ," ಎಂದು ಅವನನ್ನು ಕರೆದ. ಕರೆದು ಮೈಕು ಕೊಟ್ಟಿದ್ದರೆ ಅವನು ನಿಜವನ್ನೇ ಹೇಳುತ್ತಿದ್ದನೋ ಏನೋ. ಆದರೆ ನಮ್ಮ ಕಡೆ ಹಾಗೆ ಮಾಡುವುದಿಲ್ಲ, ಮೊದಲು ಸನ್ಮಾನ. ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಶಾಲು ಬಿತ್ತು, ತಲೆಗೆ ಹಳದಿ ರುಮಾಲು ಸುತ್ತಿದರು, ಕೈಗೆ ತೆಂಗಿನಕಾಯಿ ಇಟ್ಟು ಫೋಟೋ ತೆಗೆದರು, ಇಷ್ಟೆಲ್ಲ ಆದ ಮೇಲೆ ಮೈಕು ಕೊಟ್ಟರು. ರುಮಾಲು ಸುತ್ತಿಕೊಂಡ ಮನುಷ್ಯ, ಒಂದು ಗುರುವಾರ ಸ್ವಲ್ಪ ಕಡಿಮೆಯಾದಂತೆ ಅನಿಸಿತ್ತು, ಶುಕ್ರವಾರ ಮತ್ತೆ ಬಂತು ಎಂದು ಹೇಳುವುದು ಹೇಗೆ? ರುಮಾಲು ಕಿವಿಯ ಮೇಲೇ ಬಿಗಿಯಾಗಿ ಕೂತಿತ್ತು. ಅದರೊಳಗೆ ಸದ್ದು ಎಂದಿಗಿಂತ ಜೋರಾಗಿತ್ತು. ಅದರೊಟ್ಟಿಗೇ ತನ್ನ ದನಿ ಮೈಕಿನಿಂದ ಹೊರಟು ಹಿಂದಿನ ಗೋಡೆ ಮುಟ್ಟುವುದನ್ನು ಅವನು ಕೇಳಿದ: ಪೂರ್ತಿ ನಿಂತದ, ನೂರಕ್ಕೆ ನೂರು. ಚಪ್ಪಾಳೆ ಬಿದ್ದಾಗ, ಇಷ್ಟು ವರ್ಷದಲ್ಲಿ ಯಾರೂ ತನಗೆ ಚಪ್ಪಾಳೆ ಹೊಡೆದಿರಲಿಲ್ಲ ಎಂಬುದು ಹೊಳೆದು ಕಣ್ಣು ತುಂಬಿತು. ತುಂಬಿದ ಕಣ್ಣೂ ವಿಡಿಯೋದಲ್ಲಿ ಬಂತು.

ಅಂದಿನಿಂದ ಅವನ ಬದುಕು ಒಂದು ಸಣ್ಣ ಹಾಸ್ಯವಾಯಿತು. ಮನೆಯಲ್ಲಿ ಮುಂಚೆ ಹೆಂಡತಿ ಪ್ರಿಯದರ್ಶಿನಿ ಏನಾದರೂ ಹೇಳಿ, ಅವನು "ಹಾಂ?" ಎಂದರೆ ಆಕೆ ಇನ್ನೊಮ್ಮೆ ಹೇಳುತ್ತಿದ್ದಳು, ಆ ಎರಡನೇ ಸಲದ ದನಿಯಲ್ಲಿ ಸ್ವಲ್ಪ ಕನಿಕರ ಇರುತ್ತಿತ್ತು. ಈಗ ಅದಿಲ್ಲ. "ಕಿವಿ ನೆಟ್ಟಗ ಆಗ್ಯಾವ ಅಂತ ಇಡೀ ತಾಲೂಕಿಗೆ ಹೇಳೀರಿ. ನಾ ಹೇಳಿದ್ದ ಅಷ್ಟ ಕೇಳಸೂದಿಲ್ಲೇನ್ರಿ?" ಹಾಗಾಗಿ ಅವನು ಕೇಳಿಸದ್ದಕ್ಕೂ ಹೂಂ ಎನ್ನತೊಡಗಿದ. ಹೂಂ ಎಂದ ಒಂದರಲ್ಲಿ, ಅತ್ತೆ ದೀಪಾವಳಿಗೆ ಬಂದು ಒಂದು ತಿಂಗಳು ಇರುವುದಕ್ಕೆ ಒಪ್ಪಿಗೆ ಕೊಟ್ಟಿದ್ದ. ಗೊತ್ತಿಲ್ಲದ ಜನ ಫೋನು ಮಾಡಿ, "ವಿಡಿಯೋದಾಗಿನ ಮಾಸ್ತರ ಏನ್ರಿ?" ಎಂದು ಕೇಳುತ್ತಿದ್ದರು. ಗೊಳಸಂಗಿಯ ಒಬ್ಬ ಮುದುಕ, ಹೆಸರು ಹೇಳಲಿಲ್ಲ, ಕೇಳಿದ: "ಸದ್ದು ನಿಂತ ಮ್ಯಾಲ ಹೆಂಗ ಇರ್ತೈತ್ರಿ, ಸರ?" "ಸುಮ್ಮ ಇರ್ತೈತ್ರಿ," ಎಂದ ಅಮೋಘಸಿದ್ಧ. ಆ ಕಡೆಯವನು, "ಹೌದ್ರಿ?" ಎಂದ ದನಿಯಲ್ಲಿದ್ದ ಆಸೆ ನೆನಪಾದರೆ ಈಗಲೂ ಅವನಿಗೆ ಮೈ ಬಿಸಿಯಾಗುತ್ತದೆ.

ಬಸ್ಸು ದೇವರ ಹಿಪ್ಪರಗಿಯಲ್ಲಿ ನಿಂತು, ಇಂಜಿನ್ನು ಬಂದಾಗಿ, ಸದ್ದು ಮತ್ತೆ ಮುಂದೆ ಬಂತು. ಅದರ ಜೊತೆ ಸೋಮವಾರದ ನೆನಪೂ ಬಂತು. ಸ್ಟಾಫ್ ರೂಮು, ಎರಡನೇ ಪಿರಿಯಡ್ಡು. ಎದುರಿಗೆ ಅರುಣಕುಮಾರ ಅವಲಕ್ಕಿ ತಿನ್ನುತ್ತಿದ್ದ. ಫೋನು ಮಾಡಿದವಳು ಕಸ್ತೂರೆವ್ವ; ಹೂವಿನ ಹಿಪ್ಪರಗಿಯಲ್ಲಿ ಅಕ್ಕ ಸಾತವ್ವನ ಜೊತೆ ಸಂಘದ ರೊಟ್ಟಿ ಕೇಂದ್ರದಲ್ಲಿ ಖಡಕ್ ರೊಟ್ಟಿ ಬಡಿಯುವವಳು. ಸಾತವ್ವನ ಬಲಗಿವಿ ಸಣ್ಣಂದಿನಿಂದ ಸೋರಿ ಸೋರಿ ಅರ್ಧ ಸತ್ತದ್ದು. ಹತ್ತಿರ ಹೋಗಿ ಒದರಿದರೆ ಮಾತ್ರ ಕೇಳುತ್ತದೆ. ಆಕೆ ಲೋಕವನ್ನೆಲ್ಲ ಎಡಗಿವಿಯಿಂದಲೇ ಕೇಳಿದವಳು. "ನಿನ್ನೆ ಮುಂಜಾನೆದ್ದ ಎಡಗಿವಿ ಗಪ್ಪ ಮುಚ್ಚಿದಂಗ ಆಗೈತ್ರಿ ಮಾಸ್ತರ. ಒಳಗ ಸುಂಯ್ ಅಂತೈತಂತ. ತಲಿ ತಿರಗತೈತಿ ಅಂತಾಳ. ನಮ್ಮ ಅತ್ತಿ ಸಲುವಾಗಿ ತರಿಸಿದ್ದ ನಿಮ್ಮ ಗುಳಿಗಿ ಅದಾವು. ಅವನ್ನ ಕೊಡಲೇನ್ರಿ, ಏನ್ ಬಿಜಾಪುರಕ್ಕ ಕರಕೊಂಡು ಹೋಗಲೇನ್ರಿ?" ಕೇಳಿದ್ದು ಇಷ್ಟು ಸ್ಪಷ್ಟವಾಗಿತ್ತು. ಅವನ ಕಿವಿಗೂ ಸ್ಪಷ್ಟವಾಗಿ ಕೇಳಿಸಿತ್ತು. ಡಾಕ್ಟರರ ಮಾತು ನೆನಪಾಗಲಿಲ್ಲವೆಂದು ಅವನು ಈ ಐದು ದಿನ ತನಗೆ ತಾನೇ ಹೇಳಿಕೊಂಡಿದ್ದ, ಅದೂ ಸುಳ್ಳು. ನೆನಪಾಗಿತ್ತು. ಅದೇ ಹೊತ್ತಿಗೆ ಅರುಣಕುಮಾರ ಅವಲಕ್ಕಿಯ ಚಮಚ ಬಾಯಿಯ ಹತ್ತಿರ ಹಿಡಿದು, ಹುಬ್ಬು ಏರಿಸಿ, ಏನಂತ್ರಿ ಎಂಬಂತೆ ನೋಡುತ್ತಿದ್ದ. ಆ ಚಮಚದ ಎದುರಿಗೆ ಅಮೋಘಸಿದ್ಧ ಹೇಳಿದ: "ಎರಡೆರಡ ಕೊಡ್ರಿ. ನೋಡೂಣು." ಅರುಣಕುಮಾರ ಸಮಾಧಾನದಿಂದ ಚಮಚವನ್ನು ಬಾಯಿಗೆ ಹಾಕಿಕೊಂಡ.

ನಿನ್ನೆ ಅವನೇ ಫೋನು ಮಾಡಿದ್ದ. ಎತ್ತಿದವಳು ಸಾತವ್ವ. ಹಲೋ ಯಾರು, ಹಲೋ ಯಾರು ಎಂದಳು. ಅಕ್ಕಾ ನಾನು, ಅಕ್ಕಾ ನಾನು ಎಂದು ಇವನು ಹೇಳುತ್ತಲೇ ಇದ್ದ. "ಯಾರೋ ಏನೋ, ಮಾತಾಡವಲ್ರು," ಎಂದು ಆಕೆ ಫೋನನ್ನು ಬಂದು ಮಾಡದೆ ಹಾಗೇ ಇಟ್ಟುಬಿಟ್ಟಳು. ಆಮೇಲೆ ಅವನಿಗೆ ಕೇಳಿಸಿದ್ದು ರೊಟ್ಟಿ ಬಡಿಯುವ ಸದ್ದು, ಪಟ ಪಟ ಪಟ, ಐದಾರು ಕೈಗಳದ್ದು, ಅದರಲ್ಲಿ ಅಕ್ಕನ ಕೈ ಯಾವುದೆಂದು ಅವನು ಹುಡುಕುತ್ತ ನಿಂತ. ಒಬ್ಬಾಕೆ ಏನೋ ಅಂದಳು. ಎಲ್ಲರೂ ನಕ್ಕ ಮೇಲೆ, ಸ್ವಲ್ಪ ತಡವಾಗಿ, ಅವರ ಮುಖ ನೋಡಿಕೊಂಡು ನಗುವ ಒಂದು ನಗೆ ಬಂತು. ಅದು ಅಕ್ಕನದು. ಹೂಂ ಎನ್ನುವ ಅವನ ವಿದ್ಯೆಯನ್ನು ಆಕೆ ಐದೇ ದಿನದಲ್ಲಿ ಕಲಿತಿದ್ದಳು. ಅವನು ಕೂಡಲೇ ವಿಜಯಪುರದ ಡಾಕ್ಟರರಿಗೆ ಫೋನು ಹಚ್ಚಿದ. "ಐದ ದಿನ? ಯಾಕ ಕೂತ್ರಿ ಇಷ್ಟ ದಿನ?" ಎಂದರು ಅವರು. "ನಾಳೆ ಬರ್ರಿ. ನೋಡ್ತೇನಿ. ಮಾತ ಕೊಡಂಗಿಲ್ಲ."

ರೊಟ್ಟಿ ಕೇಂದ್ರವೆಂದರೆ ಹಳೆಯ ಸೊಸೈಟಿ ಗೋದಾಮಿನ ಮುಂದಿನ ಪಡಸಾಲೆ. ಸಾಲಾಗಿ ಆರು ಒಲೆ, ಗೋಡೆಗೆ ಆನಿಸಿ ಒಣಗಲಿಟ್ಟ ರೊಟ್ಟಿಯ ಬುಟ್ಟಿಗಳು. ಅವನು ಒಳಗೆ ಬಂದಾಗ ಸಾತವ್ವ ಬೆನ್ನು ತಿರುವಿ ಕೂತಿದ್ದಳು. "ಅಕ್ಕಾ," ಎಂದ. ಉಳಿದ ಐವರೂ ತಿರುಗಿದರು, ಆಕೆ ತಿರುಗಲಿಲ್ಲ. ಎದುರಿಗೆ ಹೋಗಿ ನಿಂತ ಮೇಲೆ ಕಣ್ಣೆತ್ತಿ, ಹಿಟ್ಟಿನ ಕೈ ಎತ್ತಿ, ಅಗಲವಾಗಿ ನಕ್ಕಳು. "ಬಂದ್ಯಾ ತಮ್ಮಾ? ಸಾಲಿ ಸೂಟಿ ಏನ? ಉಂಡೀಯಿಲ್ಲ?" ದನಿ ಎಂದಿಗಿಂತ ಜೋರಾಗಿತ್ತು, ಎಲ್ಲೋ ತಪ್ಪಿಹೋದ ದನಿ. ಕಸ್ತೂರೆವ್ವ ನೀರು ತಂದುಕೊಟ್ಟಳು. "ಐದ ದಿನಾ ಆತ್ರಿ ಮಾಸ್ತರ, ಎರಡೆರಡ ನುಂಗಾಕತ್ತಾಳ. ಫರಕ ಏನಿಲ್ಲ. ನಿಮಗ ಎಷ್ಟನೇ ದಿನಕ್ಕ ನಿಂತಿತ್ರಿ?" ಉಳಿದವರ ಕೈಗಳು ನಿಂತವು. ಅವನು ನೀರು ಕುಡಿದ. ನಿಧಾನವಾಗಿ, ತಂಬಿಗೆಯ ತಳ ಕಾಣುವವರೆಗೂ ಕುಡಿದ.

ಅಕ್ಕನ ಬಲಕ್ಕೆ ಕುಕ್ಕರಗಾಲಲ್ಲಿ ಕೂತು, ಬಸ್ಸಿನಲ್ಲಿ ಹೊಂದಿಸಿಕೊಂಡದ್ದನ್ನು ಶುರುಮಾಡಿದ. "ಬಿಜಾಪುರಕ್ಕ ಹೋಗೂಣು ನಡಿ. ಸುಮ್ಮ ಒಮ್ಮೆ ತೋರಿಸಿ ಬರೂಣು." ಎರಡು ಸಲ ಹೇಳಬೇಕಾಯಿತು. ಆಕೆ ಎಲ್ಲರಿಗೂ ಕೇಳುವ ಹಾಗೆ, "ಡಾಕ್ಟರ್ ಯಾಕ? ನಿನ್ನ ಗುಳಿಗಿ ಅದಾವಲ್ಲ! ನಿನಗ ಆರಾಮ ಆತು, ನನಗ ಆಗೂದಿಲ್ಲೇನು? ಮೂರ ತಿಂಗಳ ಅಂತಾರಲ್ಲ, ಮೂರ ತಿಂಗಳ ನೋಡೂಣಂತ," ಎಂದು ಮುಂದಿನ ಮುದ್ದೆಗೆ ಕೈ ಹಾಕಿದಳು. ಗುಳಿಗೆಯ ಜೊತೆಗೆ ಡಾಕ್ಟರರದ್ದೂ ನಡೆಯಲಿ ಎಂದ. ಗುಳಿಗೆ ಚಲೋ ಕೆಲಸ ಮಾಡಲೆಂದೇ ಡಾಕ್ಟರು ಎಂದ. ಈ ಎರಡನೆಯದನ್ನು ಹೇಳುವಾಗ ತನ್ನ ಬಾಯಿ ಎಷ್ಟು ಸರಾಗವಾಗಿ ಸುಳ್ಳಿಗೆ ತಿರುಗುತ್ತದೆಂದು ಅವನಿಗೇ ಬೆರಗಾಯಿತು. ಆಕೆ ತಲೆಯಾಡಿಸಿದಳು, ಒಲ್ಲೆ ಎಂದು. ವಿಜಯಪುರದ ಒಂದು ಬಸ್ಸು ಹೊರಗೆ ಹಾರ್ನ್ ಹಾಕಿ ಹೋಯಿತು, ಇನ್ನೊಂದು ಎರಡೂವರೆಗೆ. ಅವನು ಇನ್ನೂ ಹತ್ತಿರ ಸರಿದು, ತುಟಿಯನ್ನು ಆಕೆಯ ಕಿವಿಗೆ ತಾಗಿಸುವಷ್ಟು ಹತ್ತಿರ, ಪಿಸುದನಿಯಲ್ಲಿ, "ನಂದು ನಿಂತಿಲ್ಲಕ್ಕಾ," ಎಂದ.

"ಏನು?"

"ನಂದು ನಿಂತಿಲ್ಲ."

"ಜೋರಾಗಿ ಹೇಳೋ. ಕೇಳಸವಲ್ದು."

ಐದು ಜೊತೆ ಕಣ್ಣು. ಪಡಸಾಲೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಇಬ್ಬರು ಗಂಡಸರು. ಪಿಸುಮಾತಿನಲ್ಲಿ ನಿಜ ಹೇಳಿ ಮುಗಿಸಿ, ಶಾಲೆಗೆ ಸೋಮವಾರ ಎಂದಿನಂತೆ ಹೋಗಿಬಿಡಬಹುದೆಂದು ಅವನು ಸಿಂದಗಿಯಿಂದ ಇಲ್ಲಿಯವರೆಗೆ ನಂಬಿಕೊಂಡು ಬಂದಿದ್ದ. ಆದರೆ ಇಲ್ಲಿದ್ದದ್ದು ಪಿಸುಮಾತು ಹೋಗಲಾರದ ಕಿವಿ. ಮೈಕಿಲ್ಲದೆಯೇ, ಹೊಟ್ಟೆಯಿಂದ ದನಿ ತೆಗೆದು, ಅವನು ಒದರಿದ: "ನನ್ನ ಕಿವಿ ಇನ್ನೂ ಗುಂಯ್ ಅಂತೈತಿ! ಒಂದ ದಿನಾನೂ ನಿಂತಿಲ್ಲ! ಆ ಗುಳಿಗಿಯಿಂದ ಏನೂ ಆಗಿಲ್ಲ! ನಾ ಸುಳ್ಳ ಹೇಳೇನಿ!"

ಕಟ್ಟೆಯ ಮೇಲಿನವರು ಎದ್ದು ನಿಂತರು. ಒಂದು ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು, ಯಾರೂ ತಿರುವಿ ಹಾಕಲಿಲ್ಲ. "ಅಯ್ಯ ನಿಮ್ಮ," ಎಂದಳು ಕಸ್ತೂರೆವ್ವ, ಬೈಗುಳವನ್ನು ಪೂರ್ತಿ ಮಾಡದೆ. "ಮಾಸ್ತರ ಅಂತ ನಂಬಿ ನಮ್ಮ ಅತ್ತಿದು ಬಿ.ಪಿ. ಗುಳಿಗಿ ಬಿಡಿಸಿ ಇದನ್ನ ಕೊಡಾಕತ್ತಿದ್ದೆನಲ್ರಿ. ಎಷ್ಟ ಚೆಂದ ಅತ್ತಿರಲ್ರಿ ವಿಡಿಯೋದಾಗ!" ಯಾರೋ ಫಕ್ಕನೆ ನಕ್ಕು ಸೆರಗು ಬಾಯಿಗೆ ಇಟ್ಟುಕೊಂಡಳು. ಸಾತವ್ವ ಮಾತ್ರ ಕೈಯ ಹಿಟ್ಟನ್ನು ಬೆರಳು ಬೆರಳಿನಿಂದ ಉಜ್ಜಿ ತೆಗೆದು ಪರಾತದ ತಟ್ಟೆಗೆ ಹಾಕಿದಳು.

"ಗೊತ್ತಿತ್ತು," ಎಂದಳು. "ವಿಡಿಯೋ ನೋಡಿದಾಗ ಗೊತ್ತಾಗಿತ್ತು. ಸಣ್ಣಾಂವಿದ್ದಾಗ ಕುರಿಮರಿ ಒಂದು ತ್ವಾಳ ಒಯ್ದಿತ್ತು, ಎಲ್ಲಾ ಅದಾವು ಅಂತ ಅಪ್ಪನ ಮುಂದ ನಿಂತು ಹೇಳಿದ್ದಿ ನೋಡು, ಅದ ಮಾರಿ ಇತ್ತು."

ಅವನು ಒದರಿ ಕೇಳಬೇಕಾಯಿತು: "ಮತ್ತ ಗುಳಿಗಿ ಯಾಕ ನುಂಗಿದಿ?"

"ಎರಡೆರಡ ಕೊಡ್ರಿ ಅಂದೀಯಲ್ಲ. ಕಸ್ತೂರಿ ಫೋನಿಗೆ ಸ್ಪೀಕರ್ ಹಚ್ಚಿದ್ಲು, ಇವರೆಲ್ಲಾ ಕೇಳಿದ್ರು. ನುಂಗ್ತಾಳೋ ಇಲ್ಲೋ ಅಂತ ನನ್ನ ಮಾರೀನ ನೋಡಾಕತ್ತಿದ್ರು. ಒಡಹುಟ್ಟಿದಾಕಿ ಒಲ್ಲೆ ಅಂದ್ರ ನಿನ್ನ ಮಾತು ಏನ್ ಉಳೀತಿತ್ತು?" ಆಕೆ ಎದ್ದಳು. ಎದ್ದಾಗ ತಲೆ ತಿರುಗಿ ಕಂಬ ಹಿಡಿದುಕೊಂಡಳು. ಅವನು ಚಾಚಿದ ಕೈಯನ್ನು ನೋಡಿಯೂ ನೋಡದವಳ ಹಾಗೆ ಕಂಬವನ್ನೇ ಹಿಡಿದು ನಿಂತಳು. "ಈಗ ಓಣಿಗೆ ಕೇಳೂವಂಗ ಒದರಿದಿ. ಸೋಮವಾರ ಈ ಎಡಗಿವ್ಯಾಗ ಇನ್ನೂ ಒಂಚೂರು ಇತ್ತಪಾ. ಮೆತ್ತಗ ಹೇಳಿದ್ರೂ ಕೇಳಸ್ತಿತ್ತು."

ಸೀರೆಯ ಮೇಲಿನ ಹಿಟ್ಟನ್ನು ಜಾಡಿಸಿಕೊಂಡು, ಚಪ್ಪಲಿ ಮೆಟ್ಟಿ, ಕಸ್ತೂರೆವ್ವನಿಗೆ ಒಲೆ ತೋರಿಸಿ ಸನ್ನೆ ಮಾಡಿ, ಆಕೆ ಅವನಿಗಿಂತ ಮುಂದೆ ನಿಲ್ದಾಣದ ಕಡೆ ನಡೆದಳು. ಎರಡೂವರೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಸಾತವ್ವ ಬಲಬದಿಯ ಸೀಟಿಗೆ ಹೋಗಿ, ಕಿಟಕಿಯ ಪಕ್ಕ ಕೂತು, ತನ್ನ ಎಡಕ್ಕೆ ಕೈ ತಟ್ಟಿ ಅವನಿಗೆ ಜಾಗ ತೋರಿಸಿದಳು. ಅರ್ಧ ಸತ್ತ ಕಿವಿ ಕಿಟಕಿಯ ಗಾಳಿಗೆ, ಪೂರ್ತಿ ಮುಚ್ಚಿದ್ದು ಅವನ ಕಡೆಗೆ. ಆಕೆ ಹೊರಗೆ ನೋಡುತ್ತ ಕೂತಳು. ಬಸ್ಸು ಓಡತೊಡಗಿದ ಮೇಲೆ ಅವನು ಮಾತಾಡತೊಡಗಿದ. ಗಾಜಿನ ಕೋಣೆಯಲ್ಲಿ ಬೆರಳೆತ್ತಿದ್ದು, ಚಪ್ಪಾಳೆ ಬಿದ್ದಾಗ ಹಿತವೆನಿಸಿದ್ದು, ಸೋಮವಾರ ಡಾಕ್ಟರರ ಮಾತು ನೆನಪಾಗಿಯೂ ಬಾಯಿ ಬಿಡದಿದ್ದದ್ದು, ತಪ್ಪಿಸಿಕೊಳ್ಳಲು ಇವತ್ತು ಬಸ್ಸು ಸಿಗದಿರಲೆಂದು ಬಯಸಿದ್ದು, ಎಲ್ಲವನ್ನೂ ಮೆಲ್ಲನೆಯ ದನಿಯಲ್ಲಿ, ಒಂದನ್ನೂ ಬಿಡದೆ, ಆ ಮುಚ್ಚಿದ ಕಿವಿಗೆ ಹೇಳಿದ. ಆಕೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಮನಗೂಳಿ ದಾಟುವವರೆಗೂ ಅವನು ಒಂದೇ ಒಂದು ಸುಳ್ಳು ಹೇಳಲಿಲ್ಲ.